ಮಳೆಗಾಲಕ್ಕೆ ಪ್ರೆಷರ್ ವಾಷರ್ ಒಳಗಿಟ್ಟಿದ್ದು: ನನ್ನ ಅನುಭವ

ಜೂನ್ ಮೊದಲ ವಾರ ಒಳಗಿಟ್ಟ ಪೆಟ್ರೋಲ್ ವಾಷರ್ (ಜೋರಾಗಿ ನೀರು ಚಿಮ್ಮಿಸಿ ತೊಳೆಯೋ ಮೆಷಿನ್) ಅಕ್ಟೋಬರ್‌ನಲ್ಲಿ 3ನೇ ಎಳೆತಕ್ಕೇ ಸ್ಟಾರ್ಟ್ ಆಯ್ತು, ಅದಕ್ಕೇ ಬರೀತಿದೀನಿ.

ಹಿಂದಿನ ಎರಡು ವರ್ಷ ದುಡ್ಡು ಸುರಿದಿದ್ದೇ. ಮೊದಲ್ನೇ ಸಲ ಟಾರ್ಪಾಲು ಬಿಗಿಯಾಗಿ ಸುತ್ತಿ ಕಣದ ಪಕ್ಕದ ಶೆಡ್ಡಲ್ಲಿಟ್ಟೆ, ಕಕ್ಕಡ (ನಮ್ಮ ಕೊಡಗಿನ ಜೋರು ಮಳೆ ತಿಂಗಳು) ಮುಗಿದ್ಮೇಲೆ ಬಿಚ್ಚಿದ್ರೆ ಒಳಗೆಲ್ಲ ಬೆವರು, ಬೋಲ್ಟೆಲ್ಲ ತುಕ್ಕು, ಗನ್ ಬಿಟ್ಟಾಗ ಪಂಪಿನ ಒತ್ತಡ ಇಳಿಸೋ ಅನ್‌ಲೋಡರ್ ವಾಲ್ವ್ ಕಚ್ಕೊಂಡು ಅಲ್ಲಾಡ್ತಾನೇ ಇಲ್ಲ. ಸೀಲ್ ಕಿಟ್ಟು, ಕೂಲಿ ಸೇರಿ 3500 ಹತ್ರ ಹೋಯ್ತು. ಮುಂದಿನ ವರ್ಷ ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಬಿಟ್ಟೆ. ಈಗಿನ ಎಥನಾಲ್ ಸೇರಿದ ಪೆಟ್ರೋಲ್ ನೀರು ಎಳ್ಕೊಳತ್ತೆ, ಕಾರ್ಬೊರೇಟರ್ ಬೌಲ್ ತಳದಲ್ಲಿ ಬೆಲ್ಲದ ಪಾಕದ ಥರ ಅಂಟು, ಪೆಟ್ರೋಲ್ ಹಾಯೋ ಸಣ್ಣ ತೂತು, ಜೆಟ್, ಪೂರ್ತಿ ಬ್ಲಾಕ್, ಇನ್ನೊಂದು 1200.

ಈ ಸಲ ಪಂಪಿಗೆ ಕಾರಿನ ಕೂಲಂಟ್ (ರೇಡಿಯೇಟರ್‌ಗೆ ಹಾಕೋ ದ್ರವ) ತುಂಬಿಸ್ತೀನಿ ಅಂದಾಗ ಮೆಕ್ಯಾನಿಕ್ಕು "ಅಣ್ಣಾ, ನಮ್ಮ ಗೋಣಿಕೊಪ್ಪದಲ್ಲೇನು ಐಸ್ ಕಟ್ಟತ್ತಾ?" ಅಂದ. ಕಟ್ಟಲ್ಲ. ಹಿಮ ಬೀಳೋ ಕಡೆ ಪಂಪ್ ಒಡೀದಿರ್ಲಿ ಅಂತ ಹಾಕ್ತಾರೆ, ನನಗೆ ಬೇಕಿದ್ದಿದ್ದು ಒಳಗೆ ತುಕ್ಕು ಹಿಡೀಬಾರ್ದು, ಸೀಲ್ ಒಣಗಿ ಕಚ್ಕೋಬಾರ್ದು, ಅಷ್ಟೇ.

ಎಂಜಿನ್ ಕಡೇದು ನಿಮಗೆಲ್ಲ ಗೊತ್ತಿರೋದೇ, ಪೆಟ್ರೋಲ್ ಕಾಕ್ ಮುಚ್ಚಿ ತಾನಾಗೇ ಆಫ್ ಆಗೋವರೆಗೂ ಓಡಿಸಿ ಬೌಲ್ ಖಾಲಿ ಮಾಡಿ, ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟೆ. ಆಮೇಲೆ ಪಂಪಿನ ಇನ್‌ಲೆಟ್‌ಗೆ ಎರಡಡಿ ಪೈಪ್ ತುಂಡು ಸಿಕ್ಕಿಸಿ, ಮೇಲೆತ್ತಿ ಹಿಡಿದು, ನೀರು ಬೆರೆಸಿದ ರೆಡಿ ಕೂಲಂಟ್ ಅರ್ಧ ಲೀಟರ್ ಹುಯ್ದು ಸ್ಟಾರ್ಟ್ ಮಾಡೋ ಹಗ್ಗ ನಿಧಾನಕ್ಕೆ ಎಳೀತಾ ಹೋದೆ. ಮೊದಲು ಕೊಳೆನೀರು, ಆಮೇಲೆ ನೊರೆ, ಆರನೇದೋ ಏಳನೇದೋ ಎಳೆತಕ್ಕೆ ಔಟ್‌ಲೆಟ್‌ನಿಂದ ಅಪ್ಪಟ ಹಸಿರು ಬಂತು, ಅಲ್ಲಿಗೆ ನಿಲ್ಲಿಸಿ ಎರಡೂ ಕಡೆ ಮುಚ್ಚಳ ಹಾಕ್ದೆ. ಕೆಳಗೆ ಬಕೆಟ್ ಇಡಲೇಬೇಕು, ಚೆಲ್ಲಿದ ಕೂಲಂಟ್ ಸಿಹಿ ಅಂತ ನಾಯಿ ನೆಕ್ಕತ್ತೆ, ನೆಕ್ಕಿದ್ರೆ ಉಳಿಯೋದು ಕಷ್ಟ. ಅನ್‌ಲೋಡರ್ ಸ್ಪ್ರಿಂಗಿಗೆ ಏನು ಸವರಿದೆ ಅನ್ನೋದು ಸದ್ಯ ನನ್ನ ಹತ್ರಾನೇ ಇರ್ಲಿ, ಇನ್ನೊಂದು ಮಳೆಗಾಲ ನೋಡಿ ಹೇಳ್ತೀನಿ.

ತೇವಕ್ಕೆ ಅಂತ ಮರದ ಪೆಟ್ಟಿಗೆ ಮಾಡಿಸಿ ಒಳಗೆ 60 ವ್ಯಾಟ್ ಬಲ್ಬ್ ಹಾಕಿ ನೋಡಿದ್ದೆ, ಜುಲೈಲಿ ಮರ ಬಿದ್ದು ವಾರಗಟ್ಟಲೆ ಕರೆಂಟೇ ಇಲ್ಲ, ಇನ್ನೆಲ್ಲಿಯ ಬಲ್ಬು. ಅದನ್ನ ತೆಗೆದು ಮಣ್ಣಿನ ಮಡಕೇಲಿ ನೀರು ಹಾಕದ ಸುಟ್ಟ ಸುಣ್ಣದ ಕಲ್ಲು ಇಟ್ಟೆ, ಎರಡು ವಾರಕ್ಕೆ ತೇವ ಎಳ್ಕೊಂಡು ಉಬ್ಬಿ ಪುಡಿ ಆಗತ್ತೆ, ಬದಲಾಯಿಸ್ತಾ ಇದ್ದೆ. ಒಟ್ಟು ಖರ್ಚು ಪೆಟ್ಟಿಗೆ ಬಿಟ್ಟು 500 ದಾಟಿಲ್ಲ.

ಅಕ್ಟೋಬರ್‌ನಲ್ಲಿ ಹೊರಗೆ ತೆಗೆದಾಗ ಪಂಪಿನ ಕೂಲಂಟ್ ಬಕೆಟ್ಟಿಗೆ ಬಿಟ್ಟು, ನೀರಲ್ಲಿ ಚೆನ್ನಾಗಿ ತೊಳೆದು, ಕಣದ ಪಾಚಿ ಎರಡೇ ದಿನಕ್ಕೆ ಮುಗಿಸ್ದೆ. ನೀರು ಬಿಡೋ ಗನ್ ಹತ್ರ ಒಂದು ಒ-ರಿಂಗ್ (ರಬ್ಬರ್ ಬಳೆ) ಮಾತ್ರ ಸೋರ್ತಿತ್ತು, 20 ರೂಪಾಯಿದು.