ಟೆಸ್ಟ್ ಪೈಲಟ್‌ಗಳ ಪುಸ್ತಕಗಳನ್ನು ನಾನು ಅಡ್ಡಲಾಗಿ ಓದಿದ್ದು

ಟೆಸ್ಟ್ ಪೈಲಟ್‌ಗಳ ಆತ್ಮಕಥೆಗಳನ್ನು ಮೊದಮೊದಲು ನಾನು ಸಾಹಸಕಥೆಗಳಂತೆಯೇ ಓದುತ್ತಿದ್ದೆ. ಕೈಗೆತ್ತಿಕೊಂಡರೆ ಮುಗಿಯುವ ತನಕ ಕೆಳಗಿಡುತ್ತಿರಲಿಲ್ಲ. 1947ರ ಅಕ್ಟೋಬರ್ 14ರಂದು ಅಮೆರಿಕದ ಪೈಲಟ್ ಚಕ್ ಯೇಗರ್ ಮುರಿದ ಪಕ್ಕೆಲುಬನ್ನು ಬಚ್ಚಿಟ್ಟುಕೊಂಡು ಎಕ್ಸ್-1 ಎಂಬ ರಾಕೆಟ್ ವಿಮಾನದೊಳಗೆ ಇಳಿದಿದ್ದು, ಬಾಗಿಲಿನ ಅಗುಳಿ ಹಾಕಲೆಂದು ಎಂಜಿನಿಯರ್ ಜ್ಯಾಕ್ ರಿಡ್ಲಿ ಪೊರಕೆಯ ಹಿಡಿಯ ತುಂಡೊಂದನ್ನು ಕೊಟ್ಟಿದ್ದು, ಅಂದೇ ಮ್ಯಾಕ್ 1.06 (ಮ್ಯಾಕ್ 1 ಎಂದರೆ ಶಬ್ದದ ವೇಗ) ಮುಟ್ಟಿದ್ದು ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಒಂದು ದಿನ ಗೆಳೆಯರೊಬ್ಬರು, ‘ಅದಕ್ಕೂ ಮುಂಚೆ ಆ ವಿಮಾನ ಪೈಲಟ್‌ನ ಮಾತನ್ನು ಏಕೆ ಕೇಳುತ್ತಿರಲಿಲ್ಲ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ನಾನು ಎರಡು ಸಲ ಓದಿ ಮುಗಿಸಿದ್ದ ಪುಸ್ತಕದಲ್ಲೇ ಇತ್ತು. ಮ್ಯಾಕ್ 0.94ರ ಆಸುಪಾಸಿನಲ್ಲಿ ಬಾಲದ ಮೇಲೆ ಆಘಾತ ತರಂಗ ಎದ್ದು ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ, ಅಡ್ಡಬಾಲದ ಹಿಂಚಿನ ಚಲಿಸುವ ಪಟ್ಟಿ) ಕೆಲಸಕ್ಕೆ ಬಾರದಂತಾಗುತ್ತಿತ್ತು. ಎಲಿವೇಟರ್ ಬಿಟ್ಟು ಇಡೀ ಅಡ್ಡಬಾಲವನ್ನೇ ಸ್ವಲ್ಪ ಸ್ವಲ್ಪವೇ ತಿರುಗಿಸಿ ಹಾರಿಸೋಣ ಎಂದು ಸೂಚಿಸಿದವರೂ ಅದೇ ರಿಡ್ಲಿ. ಶಬ್ದದ ವೇಗ ದಾಟಲು ದಾರಿ ಮಾಡಿಕೊಟ್ಟದ್ದು ಆ ಬಾಲ. ನನ್ನ ನೆನಪಿನಲ್ಲಿ ಉಳಿದಿದ್ದದ್ದು ಪೊರಕೆಯ ಹಿಡಿ ಮಾತ್ರ.

ಅಲ್ಲಿಂದ ಓದುವ ಕ್ರಮವನ್ನೇ ಬದಲಿಸಿದೆ. ಒಬ್ಬ ಪೈಲಟ್‌ನ ಬದುಕನ್ನು ಹುಟ್ಟಿನಿಂದ ನಿವೃತ್ತಿಯವರೆಗೆ ಓದುವುದನ್ನು ಬಿಟ್ಟು, ವಿಮಾನದ ಒಂದೇ ಒಂದು ಕಾಯಿಲೆಯನ್ನು ಹಿಡಿದುಕೊಂಡು ನಾಲ್ಕಾರು ಪುಸ್ತಕಗಳಲ್ಲಿ ಅಡ್ಡಲಾಗಿ ಹೋದೆ. ದಪ್ಪ ನೋಟ್‌ಬುಕ್ ಒಂದರಲ್ಲಿ ಒಂದು ಹಾರಾಟಕ್ಕೆ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ದಿನಾಂಕ, ಎತ್ತರ, ವೇಗ, ಹಿಡಿದ ಸಮಯ. ಬಲಪುಟದಲ್ಲಿ ‘ಏಕೆ’ ಎಂಬುದು ಮಾತ್ರ. ಪೈಲಟ್‌ನ ಮನಸ್ಥಿತಿ, ಸಂಭಾಷಣೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಆತ್ಮಕಥೆಗಳ ಸಂಭಾಷಣೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೂವತ್ತು ವರ್ಷ ಕಳೆದ ಮೇಲೆ, ಅದೂ ಬಹಳಷ್ಟು ಸಲ ಇನ್ನೊಬ್ಬ ಬರಹಗಾರರ ನೆರವಿನಿಂದ ಬರೆದ ಮಾತುಗಳವು. ಅಂಕಿಗಳನ್ನು ಮಾತ್ರ ನಾಸಾದ ಅಧಿಕೃತ ಇತಿಹಾಸಗಳ ಜೊತೆ, ಅದರ ಹಿಂದಿನ ಸಂಸ್ಥೆಯಾದ ನಾಕಾದ ವರದಿಗಳ ಜೊತೆ ಹೋಲಿಸಬಹುದು. ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ನಾನು ಆರಿಸಿಕೊಂಡ ಮೊದಲ ಕಾಯಿಲೆ ಇನರ್ಷಿಯಾ ಕಪ್ಲಿಂಗ್. ಜಡತ್ವದ ಕೊಂಡಿ ಎಂದು ಬರೆದುಕೊಂಡಿದ್ದೇನೆ. ಓದಿ ಓದಿ ಅರ್ಥವಾಗದೆ ಇದ್ದಾಗ ಪೆನ್ಸಿಲಿನ ಒಂದು ತುದಿಗೆ ದಾರ ಕಟ್ಟಿ ತೂಗುಬಿಟ್ಟು, ದಾರವನ್ನು ಬೆರಳುಗಳ ನಡುವೆ ಜೋರಾಗಿ ಹೊಸೆದೆ. ಮೊದಲು ನೆಟ್ಟಗೆ ನಿಂತೇ ಸುತ್ತಿದ ಪೆನ್ಸಿಲ್, ವೇಗ ಏರಿದಂತೆ ನಡುಗಿತು, ವಾಲಿತು, ಕೊನೆಗೆ ಹೆಚ್ಚುಕಡಿಮೆ ಅಡ್ಡ ಮಲಗಿ ಸುತ್ತತೊಡಗಿತು. ಉದ್ದನೆಯ ವಸ್ತುವನ್ನು ಅದರ ಉದ್ದದ ಸುತ್ತ ತಿರುಗಿಸಿದರೆ ತುದಿಗಳ ತೂಕ ಹೊರಕ್ಕೆ ಎಳೆಯುತ್ತದೆ. ವಿಮಾನದಲ್ಲಿ ಆ ತುದಿಗಳೆಂದರೆ ಮೂಗು ಮತ್ತು ಬಾಲ. ಮೂಗು ಗಾಳಿಗೆ ನೇರವಾಗಿರುವಂತೆ ನೋಡಿಕೊಳ್ಳುವುದು ಬಾಲದ ಕೆಲಸ. ಎತ್ತರದ ತೆಳುಗಾಳಿಯಲ್ಲಿ, ಅತಿ ವೇಗದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಆಗ ಬರೀ ಉರುಳುವಿಕೆಯಾಗಿ ಶುರುವಾದದ್ದು ಮೂರೂ ದಿಕ್ಕಿನ ಪಲ್ಟಿಯಾಗುತ್ತದೆ.

ಈ ಪೆನ್ಸಿಲ್ ತಲೆಯಲ್ಲಿಟ್ಟುಕೊಂಡು ಯೇಗರ್ ಅವರ ಇನ್ನೊಂದು ಹಾರಾಟಕ್ಕೆ ಮರಳಿದೆ. 1953ರ ನವೆಂಬರ್ 20ರಂದು ನಾಕಾದ ಪೈಲಟ್ ಸ್ಕಾಟ್ ಕ್ರಾಸ್‌ಫೀಲ್ಡ್ ಮ್ಯಾಕ್ 2 ದಾಟಿದರು. ಡಿಸೆಂಬರ್ 17ಕ್ಕೆ ರೈಟ್ ಸಹೋದರರ ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬುತ್ತಿತ್ತು. ಅದಕ್ಕೆ ಮೊದಲೇ ಆ ದಾಖಲೆ ಮುರಿಯಲೆಂದು, ಡಿಸೆಂಬರ್ 12ರಂದು, ಯೇಗರ್ ಎಕ್ಸ್-1ಎ ವಿಮಾನದಲ್ಲಿ ಮ್ಯಾಕ್ 2.44ಕ್ಕೆ ಹೋದರು. ಮ್ಯಾಕ್ 2.3ರ ಆಚೆ ಸ್ಥಿರತೆ ಕೈಕೊಡಬಹುದೆಂದು ವಿಮಾನ ಕಟ್ಟಿದ ಬೆಲ್ ಕಂಪನಿಯ ಎಂಜಿನಿಯರ್‌ಗಳು ಎಚ್ಚರಿಸಿದ್ದರು. ಹಾಗೆಯೇ ಆಯಿತು. ಸುಮಾರು 50 ಸಾವಿರ ಅಡಿಯನ್ನು ವಿಮಾನ 51 ಸೆಕೆಂಡುಗಳಲ್ಲಿ ಪಲ್ಟಿ ಹೊಡೆಯುತ್ತ ಕಳೆದುಕೊಂಡಿತು. ಅವರ ಹೆಲ್ಮೆಟ್ ಬಡಿದು ಕಾಕ್‌ಪಿಟ್‌ನ ಒಳಗಾಜು ಬಿರುಕು ಬಿಟ್ಟಿತು. ಪುಸ್ತಕದಲ್ಲಿ ಆ ಭಾಗ ಓದಲು ಹಲವು ನಿಮಿಷ ಬೇಕು. ನಾನು ಪುಸ್ತಕ ಮುಚ್ಚಿ, ಗಡಿಯಾರ ಮುಂದಿಟ್ಟುಕೊಂಡು 51 ಸೆಕೆಂಡು ಸುಮ್ಮನೆ ಕುಳಿತೆ. ಇಪ್ಪತ್ತಾಗುವಷ್ಟರಲ್ಲಿ ಚಡಪಡಿಕೆ ಶುರುವಾಯಿತು. ಆ ಹೊತ್ತಿನಲ್ಲಿ ಅವರು ಸ್ಪಿನ್ (ಗಿರಗಿರ ಸುತ್ತುತ್ತ ಬೀಳುವುದು) ಯಾವ ಬಗೆಯದೆಂದು ಗುರುತಿಸಿ, ಅದರಿಂದ ಹೊರಬಂದು, ರನ್‌ವೇಯಂತೆ ಬಳಸುತ್ತಿದ್ದ ಒಣಕೆರೆಯ ಮೇಲೆ ಇಳಿಯುವ ದಾರಿಗೆ ವಿಮಾನವನ್ನು ತಂದಿದ್ದರು. ಅವರ ಮೇಲಿನ ಗೌರವ ಆ ಸಂಜೆ ನನ್ನಲ್ಲಿ ಹೆಚ್ಚಾದಷ್ಟು ಯಾವ ಸಾಹಸದ ವರ್ಣನೆಯಿಂದಲೂ ಆಗಿರಲಿಲ್ಲ.

ಪುಟಗಳು ತುಂಬುತ್ತ ಹೋದವು. 1954ರ ಅಕ್ಟೋಬರ್ 12: ಎಫ್-100ಎ ಯುದ್ಧವಿಮಾನದ ಪರೀಕ್ಷೆಯಲ್ಲಿ ಜಾರ್ಜ್ ವೆಲ್ಚ್ ಸಾವು. ಆಮೇಲೆ ಆ ವಿಮಾನಕ್ಕೆ ದೊಡ್ಡ ಲಂಬಬಾಲ, ಉದ್ದನೆಯ ರೆಕ್ಕೆತುದಿ ಬಂದವು. ಅದೇ ತಿಂಗಳ 27: ಜೋ ವಾಕರ್ ಎಕ್ಸ್-3ಯನ್ನು ಉರುಳಿಸಿ ನೋಡಿದಾಗ ಅದು ಹುಚ್ಚೆದ್ದು ಕುಣಿಯಿತು. ಅದರ ಉದ್ದ 66 ಅಡಿಗೂ ಹೆಚ್ಚು, ರೆಕ್ಕೆಯ ಹರವು 23 ಅಡಿಯೂ ಇಲ್ಲ. ಎಡಪುಟದಲ್ಲಿ ಈ ಎರಡು ಅಂಕಿ ಬರೆದಾಗಲೇ ನನ್ನ ಪೆನ್ಸಿಲ್ ಕಣ್ಣ ಮುಂದೆ ಬಂತು. ವಾಕರ್ ಉಳಿದರು, ಉಪಕರಣಗಳು ದಾಖಲಿಸಿದ ಅಂಕಿಗಳೂ ಉಳಿದವು.

ಬಲಪುಟ ಬರೆಯುವಾಗ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಯಾವ ಪೈಲಟ್‌ನ ಪುಸ್ತಕದಿಂದಲೂ ಬಂದದ್ದಲ್ಲ. ನಾಕಾದ ವಿಲಿಯಂ ಫಿಲಿಪ್ಸ್ 1948ರಲ್ಲೇ ಲೆಕ್ಕ ಹಾಕಿ, ಉರುಳುವ ವಿಮಾನ ಹೀಗೆ ಸ್ಥಿರತೆ ಕಳೆದುಕೊಳ್ಳಬಹುದೆಂದು ವರದಿ ಬರೆದಿದ್ದರು. ಯೇಗರ್ ಪಲ್ಟಿ ಹೊಡೆಯುವುದಕ್ಕೆ ಐದು ವರ್ಷ ಮುಂಚೆ. ಆ ಸಾಲು ಬರೆದು ಪೆನ್ ಕೆಳಗಿಟ್ಟೆ. ಕಾಗದದ ಮೇಲಿದ್ದ ಸತ್ಯ ಆಕಾಶ ತಲುಪಲು ಎಷ್ಟು ತಡವಾಯಿತು ಎಂಬ ಸಂಕಟ ಇಂದಿಗೂ ಹೋಗಿಲ್ಲ. 1956ರ ಸೆಪ್ಟೆಂಬರ್ 27ರಂದು ಮೆಲ್ ಆಪ್ಟ್ ಎಕ್ಸ್-2ರಲ್ಲಿ ಮ್ಯಾಕ್ 3 ದಾಟಿದ ಮೊದಲ ಮನುಷ್ಯರಾದರು. ರಾಕೆಟ್ ವಿಮಾನದಲ್ಲಿ ಅದು ಅವರ ಮೊದಲ ಹಾರಾಟ. ವೇಗ ಇಳಿಯುವ ಮುನ್ನವೇ ನೆಲೆಯ ಕಡೆ ತಿರುಗಿದರು, ವಿಮಾನ ಪಲ್ಟಿ ಹೊಡೆಯಿತು. ಮೂಗಿನ ಭಾಗ ಬೇರ್ಪಟ್ಟರೂ ಅದರಿಂದ ಹೊರಬರಲು ಅವರಿಗೆ ಸಮಯ ಸಿಗಲಿಲ್ಲ.

ದಿನಾಂಕಗಳನ್ನು ಒಂದರ ಕೆಳಗೊಂದು ಬರೆಯುತ್ತ ಬಂದದ್ದರಿಂದ ಇನ್ನೊಂದು ಕಣ್ಣಿಗೆ ಬಿತ್ತು. ಸರಿಯಾಗಿ ಹತ್ತು ವರ್ಷ ಹಿಂದೆ, 1946ರ ಸೆಪ್ಟೆಂಬರ್ 27ರಂದು, ಬ್ರಿಟನ್‌ನ ಪೈಲಟ್ ಕಿರಿಯ ಜೆಫ್ರಿ ಡಿ ಹ್ಯಾವಿಲೆಂಡ್ ಅಡ್ಡಬಾಲವಿಲ್ಲದ ಡಿಎಚ್ 108 ವಿಮಾನ ಒಡೆದು ತೀರಿಕೊಂಡಿದ್ದರು. ಇದು ಬೇರೆಯದೇ ಕಾಯಿಲೆ: ಮೂಗು ಮೇಲೆ ಕೆಳಗೆ ಭೀಕರವಾಗಿ ಕುಕ್ಕುವುದು. ಕಾರಣ ಹುಡುಕಲು ಅದೇ ಬಗೆಯ ವಿಮಾನವನ್ನು ಬ್ರಿಟನ್ನಿನ ಇನ್ನೊಬ್ಬ ಟೆಸ್ಟ್ ಪೈಲಟ್ ಎರಿಕ್ ಬ್ರೌನ್ ಹಾರಿಸಿದರು. 487 ಬಗೆಯ ವಿಮಾನಗಳನ್ನು ಹಾರಿಸಿದ ಮನುಷ್ಯ ಅವರು. ಈಗ ನಾನು ಹಿಡಿದಿರುವ ಎಳೆ ಇದು. ಎಡಪುಟ ತುಂಬಿದೆ. ಬಲಪುಟದಲ್ಲಿ ಸದ್ಯಕ್ಕೆ ತಾವು ಬದುಕುಳಿದದ್ದಕ್ಕೆ ಬ್ರೌನ್ ಅವರೇ ಹೇಳಿಕೊಂಡ ಒಂದು ಕಾರಣವಷ್ಟೇ ಇದೆ: ಅವರು ಕುಳ್ಳಗಿದ್ದರು, ತಲೆ ಮೇಲಿನ ಗಾಜಿಗೆ ಬಡಿಯಲಿಲ್ಲ.