ದೋಣಿಯ ಕ್ಯಾಬಿನ್ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ನೀರನ್ನು ನೋಡಿ

ದುಬೈ, ಅಬುಧಾಬಿಯಲ್ಲಿ ದೋಣಿಗಳನ್ನು ಕಟ್ಟುವ ಮರೀನಾಗಳಲ್ಲಿ ಬೇಸಿಗೆ ಏರುತ್ತಿದ್ದಂತೆ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ಎ.ಸಿ. ಓಡುತ್ತಿದೆ, ಗಾಳಿಯೂ ಬರುತ್ತಿದೆ, ಕ್ಯಾಬಿನ್ ಮಾತ್ರ ತಣ್ಣಗಾಗುತ್ತಿಲ್ಲ. ಮನೆಯ ಎ.ಸಿ. ರಿಪೇರಿಯವರನ್ನು ಕರೆಸಿ, ಗ್ಯಾಸ್ ತುಂಬಿಸಿ, ಎರಡೇ ದಿನಕ್ಕೆ ಮತ್ತೆ ಬೆವರುತ್ತಾ ಕುಳಿತವರನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ನಮ್ಮ ಕರಾವಳಿಯಿಂದ ಹೋಗಿ ಅಲ್ಲಿನ ದೋಣಿಗಳಲ್ಲಿ ದುಡಿಯುವವರಿಗೆ, ಯಜಮಾನರ ಬೈಗುಳ ತಪ್ಪಿಸಿಕೊಳ್ಳುವುದಕ್ಕಾದರೂ, ಈ ಕ್ರಮ ಉಪಯೋಗಕ್ಕೆ ಬಂದೀತು.

ಮನೆಯ ಎ.ಸಿ. ತನ್ನ ಬಿಸಿಯನ್ನು ಹೊರಗಿನ ಫ್ಯಾನಿನ ಮೂಲಕ ಗಾಳಿಗೆ ಬಿಡುತ್ತದೆ, ದೋಣಿಯ ಎ.ಸಿ. ಸಾಮಾನ್ಯವಾಗಿ ಅದನ್ನು ಸಮುದ್ರದ ನೀರಿಗೆ ಬಿಡುತ್ತದೆ. ದೋಣಿಯ ತಳದ ರಂಧ್ರದಿಂದ ಒಳಬಂದ ನೀರು ಸೀಕಾಕ್ ಎಂಬ ವಾಲ್ವ್, ಕಸ ಹಿಡಿಯುವ ಸ್ಟ್ರೇನರ್ ಮತ್ತು ಪಂಪನ್ನು ದಾಟಿ, ಯಂತ್ರದ ಕಂಡೆನ್ಸರ್ ಸುರುಳಿಯೊಳಗೆ ಹಾದು, ಬಿಸಿಯನ್ನು ಹೊತ್ತುಕೊಂಡು ಪಕ್ಕದ ಕಿಂಡಿಯಿಂದ ಸಮುದ್ರಕ್ಕೇ ಮರಳುತ್ತದೆ. ಯಂತ್ರದ ತಂಪು ಮಾಡುವ ಸಾಮರ್ಥ್ಯದ ಒಂದು ಟನ್ನಿಗೆ, ಅಂದರೆ ಗಂಟೆಗೆ 12,000 ಬಿಟಿಯುಗೆ (ಶಾಖದ ಅಳತೆ), ನಿಮಿಷಕ್ಕೆ ಸುಮಾರು 11ರಿಂದ 15 ಲೀಟರ್ ನೀರು ಬೇಕು. ಆಗಸ್ಟ್ ತಿಂಗಳಲ್ಲಿ ಕೊಲ್ಲಿಯ ನೀರೇ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಚಳಿಗಾಲದಲ್ಲಿ ಹೇಗೋ ನಡೆದುಹೋಗುವ ಸಣ್ಣ ಅಡಚಣೆಯೂ ಆಗ ಯಂತ್ರವನ್ನು ಸೋಲಿಸುತ್ತದೆ.

ಹಂತ 1: ಅಳೆಯಿರಿ

ಫ್ಯಾನನ್ನು ಗರಿಷ್ಠ ವೇಗದಲ್ಲಿಟ್ಟು ಕಾಲು ಗಂಟೆ ಓಡಿಸಿದ ನಂತರ, ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ಥರ್ಮಾಮೀಟರಿನಿಂದ ಯಂತ್ರವು ಗಾಳಿಯನ್ನು ಒಳಸೆಳೆಯುವ ಜಾಲರಿಯಲ್ಲಿಯೂ ತಂಪುಗಾಳಿ ಹೊರಬರುವ ಕಿಂಡಿಯಲ್ಲಿಯೂ ಉಷ್ಣತೆ ನೋಡಿರಿ. ಎರಡರ ನಡುವೆ 8ರಿಂದ 11 ಡಿಗ್ರಿ ಅಂತರವಿದ್ದರೆ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಹಾಗಿದ್ದೂ ಕ್ಯಾಬಿನ್ ತಣ್ಣಗಾಗದಿದ್ದರೆ ತೆರೆದ ಹ್ಯಾಚು (ಮೇಲ್ತಟ್ಟಿನ ಕಿಂಡಿಬಾಗಿಲು), ಬಿಸಿಲು ಬೀಳುವ ಗಾಜು, ಕ್ಯಾಬಿನ್ನಿಗೆ ಸಾಲದ ಯಂತ್ರ ಇವುಗಳಲ್ಲಿ ಕಾರಣ ಹುಡುಕಬೇಕು. ಅಂತರ ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ ಹಂತಗಳಿಗೆ ಹೋಗಿರಿ. ರಿಮೋಟಿನಲ್ಲಿ 16 ಡಿಗ್ರಿ ಇಟ್ಟರೆ ಬೇಗ ತಣ್ಣಗಾಗುತ್ತದೆಂಬುದು ಬರಿಯ ಭ್ರಮೆ.

ಹಂತ 2: ಗಾಳಿಯ ದಾರಿ

ಫಿಲ್ಟರನ್ನು ತೊಳೆಯಿರಿ, ಜಾಲರಿಗೆ ಅಡ್ಡವಾಗಿ ತುರುಕಿದ ಸೂಟ್‌ಕೇಸನ್ನು ತೆಗೆಯಿರಿ, ಮಡಚಿದ ಗಾಳಿಕೊಳವೆಯನ್ನು ನೆಟ್ಟಗೆ ಎಳೆದು ಕಟ್ಟಿರಿ, ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಂಡರೆ ಅದು ಕರಗುವವರೆಗೆ ಫ್ಯಾನನ್ನು ಮಾತ್ರ ಓಡಿಸಿರಿ.

ಹಂತ 3: ನೀರಿನ ದಾರಿ

ಜನರು ಎಡವುವುದು ಇಲ್ಲಿಯೇ. ನೀರು ಹೊರಬೀಳುತ್ತಿರುವುದನ್ನು ದೂರದಿಂದ ಕಂಡು, ‘ನೀರು ಬರುತ್ತಿದೆಯಲ್ಲ’ ಎಂದು ಮುಂದೆ ಹೋಗಬೇಡಿ. ಆ ಕಿಂಡಿಗೆ ಬಕೆಟ್ಟು ಹಿಡಿದು, ಕೈಗಡಿಯಾರ ನೋಡಿರಿ. ಒಂದು ಟನ್ನಿನ ಯಂತ್ರವಾದರೆ 10 ಲೀಟರಿನ ಬಕೆಟ್ಟು 40ರಿಂದ 55 ಸೆಕೆಂಡಿನೊಳಗೆ ತುಂಬಬೇಕು. ಅದಕ್ಕಿಂತ ನಿಧಾನವಾದರೆ, ಅಥವಾ ನೀರು ಬಿಟ್ಟು ಬಿಟ್ಟು ಉಗುಳಿದಂತೆ ಬಂದರೆ, ದೋಷ ನೀರಿನ ದಾರಿಯಲ್ಲಿದೆ.

ವಿದ್ಯುತ್ತಿನ ಬ್ರೇಕರ್ ಆರಿಸಿ, ಸೀಕಾಕ್ ಮುಚ್ಚಿದ ಮೇಲೆಯೇ ಸ್ಟ್ರೇನರಿನ ಮುಚ್ಚಳ ಬಿಚ್ಚಬೇಕು. ಬುಟ್ಟಿಯಲ್ಲಿ ಹಾವಸೆ, ಚಿಪ್ಪಿನ ಚೂರು, ಜೆಲ್ಲಿ ಮೀನಿನ ಲೋಳೆ ಸಿಕ್ಕೇ ಸಿಗುತ್ತದೆ. ಪದೇ ಪದೇ ತೊಳೆಯುವ ಕಾಟ ಬೇಡವೆಂದು ಬುಟ್ಟಿಯನ್ನೇ ತೆಗೆದು ಓಡಿಸುವವರಿದ್ದಾರೆ. ಆ ಕಸವೆಲ್ಲ ಕೈ ತೂರದ ಕಂಡೆನ್ಸರಿನೊಳಗೆ ಹೋಗಿ ಕೂರುತ್ತದೆ. ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಬೇಕು, ಎಂಜಿನ್ನಿನ ಗ್ರೀಸ್ ಅದನ್ನು ಉಬ್ಬಿಸಿ ಕೆಡಿಸಬಹುದು. ಮರಳಿ ಜೋಡಿಸಿದ ಮೇಲೆ ಸೀಕಾಕ್ ತೆರೆಯಲು ಮರೆತರೆ ಪಂಪು ಒಣಗಿ ಓಡಿ ಹಾಳಾಗುತ್ತದೆ.

ಬುಟ್ಟಿ ಶುಚಿಯಾಗಿದ್ದೂ ನೀರು ಕಡಿಮೆಯಿದ್ದರೆ, ಮುಚ್ಚಿದ ಸೀಕಾಕಿನ ಮೇಲಿನ ಹೋಸನ್ನು ಕಳಚಿ, ವಾಲ್ವನ್ನು ಒಂದು ಕ್ಷಣ ತೆರೆದು ನೋಡಬೇಕು. ನೀರು ರಭಸದಿಂದ ಚಿಮ್ಮದಿದ್ದರೆ ತಳದ ರಂಧ್ರವನ್ನು ಬಾರ್ನಕಲ್ ಚಿಪ್ಪುಗಳೋ ಪ್ಲಾಸ್ಟಿಕ್ ಚೀಲವೋ ಮುಚ್ಚಿದೆಯೆಂದು ತಿಳಿಯಿರಿ. ಅದಕ್ಕೆ ಮುಳುಗುಗಾರರೇ ಬೇಕು. ಈ ಪರೀಕ್ಷೆಯನ್ನು ಒಬ್ಬರೇ ಮಾಡಬಾರದು, ರಂಧ್ರಕ್ಕೆ ಹೊಂದುವ ಮರದ ಬೆಣೆ ಕೈಗೆ ಸಿಗುವಂತಿರಬೇಕು. ಸೀಕಾಕಿನ ಹಿಡಿ ತಿರುಗದಷ್ಟು ಬಿಗಿದಿದ್ದರೆ ಬಲವಂತ ಮಾಡಲೇಬೇಡಿ, ತುಕ್ಕು ತಿಂದ ವಾಲ್ವ್ ಮುರಿದರೆ ದೋಣಿಯೇ ಮುಳುಗೀತು.

ಇನ್ನು ಉಳಿದದ್ದು ಏರ್ ಹಿಡಿಯುವುದು, ಅಂದರೆ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರಿದಾಗ ಮೋಟಾರು ಭರ್ರೆಂದು ತಿರುಗುತ್ತಿದ್ದರೂ ನೀರು ಎತ್ತದಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದೋಣಿಯ ಪಂಪು ತಾನಾಗಿ ನೀರನ್ನು ಮೇಲಕ್ಕೆ ಸೆಳೆದುಕೊಳ್ಳಲಾರದು. ಆದ್ದರಿಂದಲೇ ಅದನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿರುತ್ತಾರೆ. ಸ್ಟ್ರೇನರ್ ಬಿಚ್ಚಿದಾಗ, ದೋಣಿಯನ್ನು ದಡಕ್ಕೆತ್ತಿ ಮರಳಿ ನೀರಿಗಿಳಿಸಿದಾಗ, ಅಲೆಗೆ ದೋಣಿ ಜೋರಾಗಿ ಹೊರಳಾಡಿದಾಗ ಗಾಳಿ ಒಳಸೇರುತ್ತದೆ. ಪಂಪನ್ನು ನಿಲ್ಲಿಸಿ, ಸೀಕಾಕ್ ತೆರೆದಿಟ್ಟು, ಪಂಪಿನಿಂದ ಹೊರಹೋಗುವ ಹೋಸಿನ ಕ್ಲಿಪ್ಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಬರಿಯ ನೀರೇ ಒಸರುವವರೆಗೆ ಕಾದು, ಬಿಗಿದು ಚಾಲೂ ಮಾಡಿರಿ. ಮರುದಿನವೇ ಮತ್ತೆ ಏರ್ ಹಿಡಿದರೆ ಹೋಸಿನ ಓಟವನ್ನು ಬೆರಳಿನಿಂದ ಸವರುತ್ತಾ ನೋಡಿರಿ: ಸೀಕಾಕಿನಿಂದ ಕಂಡೆನ್ಸರಿನವರೆಗೆ ಅದು ಏರುತ್ತಲೇ ಹೋಗಬೇಕು, ಆಮೇಲೆ ಇಳಿಯುತ್ತಲೇ ಹೋಗಬೇಕು. ಹೋಸು ಉದ್ದವಾಯಿತೆಂದು ಕತ್ತರಿಸದೆ ಸುರುಳಿ ಸುತ್ತಿಟ್ಟಲ್ಲಿ, ಸುರುಳಿಯ ನೆತ್ತಿಯಲ್ಲಿ ಗಾಳಿ ಖಾಯಂ ಮನೆ ಮಾಡುತ್ತದೆ.

ಹೋಸಿನ ಪ್ರತಿ ತುದಿಗೆ ಎರಡು ಕ್ಲಿಪ್ಪು ಇರಲೇಬೇಕೆಂಬುದು ನನ್ನ ಹಟ. ‘ಸ್ಟೇನ್‌ಲೆಸ್’ ಎಂದು ಬರೆದ ಅಗ್ಗದ ಕ್ಲಿಪ್ಪುಗಳ ತಿರುಪಿಗೆ ಅಯಸ್ಕಾಂತ ಹಿಡಿದು ನೋಡಿ ಕೊಳ್ಳಿರಿ; ಗಟ್ಟಿಯಾಗಿ ಅಂಟಿಕೊಂಡರೆ ಅದು ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುವ ಜಾತಿಯದು.

ಹಂತ 4: ಸುರುಳಿಯೊಳಗಿನ ಗಾರೆ

ದಾರಿಯೆಲ್ಲ ಸರಿಯಿದ್ದೂ ಕಂಪ್ರೆಸರ್ ಕೆಲವು ನಿಮಿಷ ಓಡಿ ಅತಿಯೊತ್ತಡದಿಂದ ನಿಲ್ಲುತ್ತಿದ್ದರೆ, ಕಂಡೆನ್ಸರಿನೊಳಗೆ ಸುಣ್ಣದ ಪದರ ಕಟ್ಟಿರುವ ಸಾಧ್ಯತೆ ಹೆಚ್ಚು. ಸುರುಳಿಯ ಎರಡೂ ಹೋಸುಗಳನ್ನು ಕಳಚಿ, ಬಕೆಟ್ಟು ಮತ್ತು ಸಣ್ಣ ಪಂಪಿನ ನೆರವಿನಿಂದ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಕೆಲವು ಗಂಟೆ ಸುತ್ತಿಸಿ, ಕೊನೆಗೆ ಸಿಹಿನೀರಿನಿಂದ ತೊಳೆಯಬೇಕು. ಶೌಚಾಲಯ ತೊಳೆಯುವ ಆಸಿಡ್ ಸುರಿದು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆನೆಂದು ಬೀಗುವವರ ಮಾತಿಗೆ ಕಿವಿಗೊಡಬೇಡಿ. ಅದು ಲೋಹವನ್ನೂ ತಿನ್ನುತ್ತದೆ. ಬಕೆಟ್ಟಿನಲ್ಲಿ ಬ್ಲೀಚಿನ ಅಂಶ ಉಳಿದಿದ್ದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ವಿಷಕಾರಿ ಕ್ಲೋರಿನ್ ಏಳುತ್ತದೆ.

ಅಮೆರಿಕದಿಂದ ತಂದ ಹಳೆಯ ದೋಣಿಯಾದರೆ ಪಂಪಿನ ಹೆಸರುಫಲಕವನ್ನೂ ಓದಿರಿ. ಅಲ್ಲಿನ 60 ಹರ್ಟ್ಸ್ ವಿದ್ಯುತ್ತಿಗೆಂದೇ ಮಾಡಿದ ಮೋಟಾರು ಎಮಿರೇಟ್ಸಿನ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ, ನೀರೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ.

ಹಂತ 5: ಗ್ಯಾಸ್, ಎಲ್ಲಕ್ಕಿಂತ ಕೊನೆಗೆ

ಇಂಥ ಯಂತ್ರಗಳ ಗ್ಯಾಸಿನ ಕೊಳವೆಗಳನ್ನು ಕಾರ್ಖಾನೆಯಲ್ಲಿಯೇ ಬೆಸೆದು ಮುಚ್ಚಿರುತ್ತಾರೆ. ಗ್ಯಾಸ್ ತಾನಾಗಿ ಸವೆಯುವ ವಸ್ತುವಲ್ಲ, ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ. ಮೊದಲು ಸೋರಿಕೆ ಹುಡುಕಿ ಬೆಸೆಯಬೇಕು, ಅನಂತರ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರಸೆಳೆದು ನಿರ್ವಾತ ಮಾಡಿ, ಯಂತ್ರದ ಫಲಕದಲ್ಲಿ ಅಚ್ಚಾಗಿರುವಷ್ಟೇ ತೂಕದ ಗ್ಯಾಸನ್ನು ತುಂಬಬೇಕು. ಹೆಚ್ಚಾದರೂ ಒತ್ತಡ ಏರಿ, ಕಂಪ್ರೆಸರ್ ನಿಂತು, ಕ್ಯಾಬಿನ್ ಹಿಂದಿನಂತೆಯೇ ಕುದಿಯುತ್ತದೆ. ಆದ್ದರಿಂದ ತೂಕದ ಯಂತ್ರವನ್ನು ತಾರದೆ ಬರಿಯ ಒತ್ತಡದ ಮಾಪಕ ಮತ್ತು ಸಿಲಿಂಡರ್ ಹಿಡಿದು ಬಂದವರನ್ನು ಜೆಟ್ಟಿಯಿಂದಲೇ ಹಿಂದಕ್ಕೆ ಕಳುಹಿಸಿರಿ.