ಕಾಲೇಜಿನ ಸೂಚನೆ ಬರೆಯುವವರಿಗೆ ಒಂದು ಪುಟದ ಪದಪಟ್ಟಿ

ಒಂದೇ ಕಾಲೇಜಿನ ಮೂರು ಸೂಚನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿ. ಒಂದರಲ್ಲಿ ‘ಪ್ರಾಂಶುಪಾಲರು’, ಇನ್ನೊಂದರಲ್ಲಿ ‘ಪ್ರಿನ್ಸಿಪಾಲರು’, ಮತ್ತೊಂದರಲ್ಲಿ ‘ಪ್ರಾಚಾರ್ಯರು’. ಹೊಸದಾಗಿ ಸೇರಿದ ವಿದ್ಯಾರ್ಥಿ ಇವರು ಮೂವರು ಬೇರೆ ಬೇರೆ ಎಂದುಕೊಂಡರೆ ತಪ್ಪು ಅವನದಲ್ಲ.

ದಪ್ಪ ಕೈಪಿಡಿ ಬೇಡ, ಅದನ್ನು ಯಾರೂ ತೆರೆಯುವುದಿಲ್ಲ. ಒಂದೇ ಪುಟ ಸಾಕು. ಪದೇ ಪದೇ ಬರುವ ಪದಗಳನ್ನು ಬರೆದು, ಪ್ರತಿಯೊಂದಕ್ಕೂ ಒಂದೇ ರೂಪವನ್ನು ಗೊತ್ತುಮಾಡಿ. ‘ಕಚೇರಿ’ಯೋ ‘ಕಛೇರಿ’ಯೋ ಎಂಬ ವಾದ ಮುಗಿಯುವುದಿಲ್ಲ, ಯಾವುದಾದರೂ ಒಂದನ್ನು ಹಿಡಿಯಿರಿ. ಎರಡೂ ಬಳಕೆಯಲ್ಲಿದ್ದರೆ ಕಂಪ್ಯೂಟರಿನಲ್ಲಿ ಒಂದನ್ನು ಹುಡುಕಿದಾಗ ಇನ್ನೊಂದು ಸಿಗದೇ ಹೋಗಬಹುದು.

ನಿಜವಾದ ತೊಂದರೆ ಇರುವುದು ದಿನಾಂಕದಲ್ಲಿ. ‘05/06ರೊಳಗೆ ಶುಲ್ಕ ಕಟ್ಟತಕ್ಕದ್ದು’ ಎಂದರೆ ಜೂನ್ 5 ಎಂದು ಒಬ್ಬರು, ಮೇ 6 ಎಂದು ಇನ್ನೊಬ್ಬರು ಓದುತ್ತಾರೆ. ‘ಒಳಗೆ’ ಎಂದಾಗ ಆ ದಿನವೂ ಸೇರಿತೇ ಎಂಬ ಅನುಮಾನ ಬೇರೆ. ‘ಶುಲ್ಕ ಕಟ್ಟಲು ಕೊನೆಯ ದಿನ: ಜೂನ್ 5, ಸಂಜೆ 4 ಗಂಟೆ’ ಎಂದು ಬರೆಯಿರಿ, ಕಚೇರಿಗೆ ಬರುವ ಫೋನ್ ಕರೆಗಳು ಕಡಿಮೆಯಾಗುತ್ತವೆ. ‘ತಕ್ಕದ್ದು’ ಕೂಡ ನನಗೆ ಹಿಡಿಸುವುದಿಲ್ಲ. ‘ಕಟ್ಟಿ’ ಎಂದರೆ ಮರ್ಯಾದೆಯೇನೂ ಕಡಿಮೆಯಾಗದು.

ಅಂಕಿಗಳಿಗೂ ಇದೇ ಮಾತು: ‘೧೨’ ಅಥವಾ ‘12’, ಎರಡರಲ್ಲಿ ಒಂದು.

ಪಟ್ಟಿಯನ್ನು ತಿದ್ದುವ ಹೊಣೆ ಮಾತ್ರ ಒಬ್ಬರ ಕೈಯಲ್ಲೇ ಇರಲಿ. ಸಮಿತಿಗೆ ಕೊಟ್ಟರೆ ‘ಪ್ರಾಚಾರ್ಯರು’ ಮರಳಿ ಬರುತ್ತಾರೆ.